ಅಪ್ಪ, ಮಗ, ಮೊಮ್ಮಗ: ವಿಜಯಪುರದಲ್ಲಿ ಒಂದು ದಿನ

ಹಂಪಿಯಿಂದ ಬಾದಾಮಿ, ಬಾದಾಮಿಯಿಂದ ವಿಜಯಪುರ, ಅಲ್ಲಿಂದ ಸೊಲ್ಲಾಪುರದ ಕಡೆಗೋ ಹೈದರಾಬಾದಿಗೋ. ಬೆನ್ನಿಗೊಂದು ಚೀಲ ಏರಿಸಿಕೊಂಡು ದಖ್ಖನ್ ಸುತ್ತುವವರ ಹಳೆಯ ದಾರಿ ಇದು. ಹಂಪಿಗೆ ಕೈತುಂಬ ದಿನ ಸಿಗುತ್ತವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೂ ಅಷ್ಟಿಷ್ಟು ಸಿಗುತ್ತವೆ. ವಿಜಯಪುರದ ಪಾಲಿಗೆ ಮಾತ್ರ ಒಂದು ರೈಲಿಗೂ ಇನ್ನೊಂದು ರೈಲಿಗೂ ನಡುವೆ ಉಳಿದ ಹೊತ್ತು. ಗುಮ್ಮಟ ಹತ್ತು, ಒಂದು ಕೂಗು ಹಾಕು, ಇಳಿ, ರೊಟ್ಟಿ ತಿನ್ನು, ಹೊರಡು. ಬಹುಪಾಲು ಜನ ನೋಡುವ ವಿಜಯಪುರ ಇಷ್ಟೇ.

ಈ ಊರಿಗೆ ಒಂದು ದಿನ ಸಾಲದು, ನಿಜ. ಆದರೆ ಇರುವ ಒಂದೇ ದಿನವನ್ನು ಸರಿಯಾಗಿ ಹಂಚಿಕೊಂಡರೆ ಒಂದು ಮನೆತನದ ನಾಲ್ಕು ತಲೆಮಾರಿನ ಕತೆಯನ್ನು ಬೆಳಗಿನಿಂದ ಬೈಗಿನೊಳಗೆ ನೋಡಬಹುದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ, ಅವನ ಮಗ ಮುಹಮ್ಮದ್, ಮೊಮ್ಮಗ ಎರಡನೆಯ ಅಲಿ, ಮರಿಮಗ ಸಿಕಂದರ್. ಇಬ್ರಾಹಿಂ ಪಟ್ಟಕ್ಕೆ ಬಂದದ್ದು 1580ರಲ್ಲಿ, ಸಿಕಂದರ್ ಪಟ್ಟ ಕಳೆದುಕೊಂಡದ್ದು 1686ರಲ್ಲಿ. ಒಬ್ಬನ ಗೋರಿ ಚೆಲುವಿಗೆ ಹೆಸರಾಯಿತು, ಒಬ್ಬನದು ಗಾತ್ರಕ್ಕೆ, ಒಬ್ಬನದು ಅರ್ಧಕ್ಕೇ ನಿಂತದ್ದಕ್ಕೆ. ನಾಲ್ಕನೆಯವನ ಗೋರಿ ಎಲ್ಲಿದೆ ಎಂದು ಕೇಳಿದರೆ ಊರಿನವರೇ ಮುಖ ಮುಖ ನೋಡಿಕೊಳ್ಳುತ್ತಾರೆ.

ಈ ಕತೆಯನ್ನು ಸಾಲಾಗಿ ನೋಡಲು ಮಾತ್ರ ಆಗುವುದಿಲ್ಲ. ಮಗನ ಗೋಳಗುಮ್ಮಟ ಇರುವುದು ಊರಿನ ಪೂರ್ವಕ್ಕೆ, ರೈಲು ನಿಲ್ದಾಣದ ಹತ್ತಿರ. ಶಾಲಾ ಪ್ರವಾಸದ ಬಸ್ಸುಗಳು ಬರುವ ಮೊದಲೇ ಅದರೊಳಗೆ ಹೋಗಬೇಕು. ಅಪ್ಪನ ಇಬ್ರಾಹಿಂ ರೋಜಾ ಇರುವುದು ಪಶ್ಚಿಮಕ್ಕೆ, ಕೋಟೆಯ ಹೊರಗೆ. ಅದಕ್ಕೆ ಸಂಜೆಯ ಬಿಸಿಲು ಬೇಕು. ಹಾಗಾಗಿ ಮೊದಲು ಮಗ, ನಡುವೆ ಮೊಮ್ಮಗ ಮತ್ತು ಮರಿಮಗ, ಕೊನೆಗೆ ಅಪ್ಪ. ಚರಿತ್ರೆಯ ಮೇಷ್ಟ್ರು ಒಪ್ಪಲಿಕ್ಕಿಲ್ಲ. ಕಣ್ಣು, ಕಿವಿ ಒಪ್ಪುತ್ತವೆ.

ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಿಗ್ಗೆ ಬಂದಿಳಿಯುವವರಿಗೆ ಊರಿಗಿಂತ ಮೊದಲು ಗುಮ್ಮಟವೇ ಕಾಣುತ್ತದೆ. ಸ್ಟೇಷನ್ ರಸ್ತೆಯ ಲಾಡ್ಜೊಂದರಲ್ಲಿ ಚೀಲ ಒಗೆದು, ಮುಖಕ್ಕೆ ನೀರು ಹಾಕಿಕೊಂಡು, ತಳ್ಳುಗಾಡಿಯಲ್ಲಿ ಒಂದು ಪ್ಲೇಟು ಸೂಸಲಾ ಮತ್ತು ಮಿರ್ಚಿ ತಿಂದು ಹೊರಬಂದರೆ ಆಟೊಗಳ ನಡುವೆ ಒಂದೆರಡು ಟಾಂಗಾಗಳೂ ನಿಂತಿದ್ದವು. ಕರ್ನಾಟಕದ ಬಹುಪಾಲು ಊರುಗಳಲ್ಲಿ ಟಾಂಗಾ ಮದುವೆ ಮೆರವಣಿಗೆಗಷ್ಟೇ ಉಳಿದಿದೆ. ಇಲ್ಲಿ ಇನ್ನೂ ಬಾಡಿಗೆಗೆ ಓಡುತ್ತದೆ.

“ಬರ್ರಿ ಅಕ್ಕಾರ, ಗುಂಬಜಕ್ಕ ಬಿಡ್ತೀನಿ” ಎಂದರು ಬಿಳಿ ಗಡ್ಡದ ಒಬ್ಬ ಹಿರಿಯರು.

“ಗುಂಬಜ ಅಷ್ಟ ಅಲ್ಲ ಚಾಚಾ, ಸಂಜೆ ರೋಜಾದವರೆಗೂ ಬರ್ತೀರಾ?” ಎಂದೆ.

ಅವರು ನನಗಿಂತ ಮೊದಲು ಕುದುರೆಯ ಮುಖ ನೋಡಿದರು. “ಬರ್ತೀನ್ರಿ. ಆದ್ರ ನಡು ಮಧ್ಯಾಹ್ನ ಎರಡ ತಾಸು ಬಿಡಬೇಕು. ಬಿಸಲಾಗ ಕುದುರಿ ಓಡಸಂಗಿಲ್ಲ. ನೀವೂ ಉಣ್ರಿ, ಅದೂ ತಿನ್ಲಿ.” ಬಾಡಿಗೆಯ ಚೌಕಾಸಿ ಇದಾದ ಮೇಲೆ ನಡೆಯಿತು. ಅದರಲ್ಲಿ ಗೆದ್ದವರು ಅವರೇ.

ಗೋಳಗುಮ್ಮಟದ ಬಗ್ಗೆ ಗೈಡುಗಳು ಹೇಳುವ ಮೊದಲ ಮಾತು, ಇದು ಜಗತ್ತಿನಲ್ಲೇ ಎರಡನೆಯ ದೊಡ್ಡ ಗುಮ್ಮಟ ಎಂಬುದು. ಶಾಲೆಯಲ್ಲಿ ನಾವೂ ಹಾಗೇ ಬರೆದು ಅಂಕ ಪಡೆದವರು. ಅಳತೆಪಟ್ಟಿ ಹಿಡಿದರೆ ಲೆಕ್ಕ ಬೇರೆ. ಹೊರಗಿನಿಂದ ಇದರ ವ್ಯಾಸ ಸುಮಾರು 44 ಮೀಟರ್, ಒಳಗಿನಿಂದ ಸುಮಾರು 38. ರೋಮಿನ ಪ್ಯಾಂಥಿಯನ್, ಫ್ಲಾರೆನ್ಸಿನ ಮಹಾಮಂದಿರ, ಸಂತ ಪೀಟರನ ಇಗರ್ಜಿ ಮೂರರ ಗುಮ್ಮಟಗಳೂ ಒಳಗಿನ ಅಳತೆಯಲ್ಲಿ ಇದಕ್ಕಿಂತ ದೊಡ್ಡವು. ಆದರೆ ಗುಮ್ಮಟ ನಿಂತಿರುವ ಕೋಣೆಯ ನೆಲ ಅಳೆದರೆ ಸುಮಾರು 1,700 ಚದರ ಮೀಟರ್. ಅಷ್ಟು ನೆಲ ಪ್ಯಾಂಥಿಯನ್ನಿಗೂ ಇಲ್ಲ. ಅಷ್ಟು ಅಗಲದ ನೆಲದ ಮೇಲೆ ಒಂದೇ ಒಂದು ಕಂಬವಿಲ್ಲ. ಎರಡನೆಯದೋ ಮೂರನೆಯದೋ ಎಂಬ ಜಗಳ ಬಿಟ್ಟು, ಕಂಬವಿಲ್ಲದೆ ಅದು ನಿಂತದ್ದು ಹೇಗೆ ಎಂದು ಯಾರಾದರೂ ಮಕ್ಕಳಿಗೆ ಹೇಳಿಕೊಟ್ಟರೆ ಒಳ್ಳೆಯದಿತ್ತು.

ಒಳಗೆ ನಡುವೆ ನಿಂತು ಕತ್ತೆತ್ತಿದರೆ ಗೊತ್ತಾಗುತ್ತದೆ. ಕೆಳಗೆ ನಾಲ್ಕು ಗೋಡೆಯ ಚೌಕ. ಮೇಲೆ ದುಂಡನೆಯ ಗುಮ್ಮಟ. ಚೌಕದ ಮೇಲೆ ದುಂಡು ಕೂರಬೇಕಾದರೆ ಮೂಲೆಗಳನ್ನು ಏನಾದರೂ ಮಾಡಬೇಕು. ಅದಕ್ಕೆ ಇಲ್ಲಿನ ಶಿಲ್ಪಿ ಎಂಟು ಕಮಾನುಗಳನ್ನು ಎಬ್ಬಿಸಿ ಒಂದರೊಳಗೊಂದು ಹಾಯಿಸಿದ್ದಾನೆ. ರಂಗೋಲಿಯಲ್ಲಿ ಒಂದು ಚೌಕದ ಮೇಲೆ ಇನ್ನೊಂದನ್ನು ಓರೆಯಾಗಿ ಎಳೆದಾಗ ಎಂಟು ಮೂಲೆಯ ನಕ್ಷತ್ರ ಮೂಡುತ್ತದಲ್ಲ, ಅದೇ ಲೆಕ್ಕ. ಕಮಾನುಗಳು ಮೇಲೇರುತ್ತ ಒಳಕ್ಕೆ ಬಾಗಿ, ನಡುವೆ ಒಂದು ವರ್ತುಲ ಬಿಟ್ಟುಕೊಡುತ್ತವೆ. ಗುಮ್ಮಟ ಕೂತಿರುವುದು ಆ ಅಂಚಿನಿಂದ ಹಿಂದಕ್ಕೆ ಸರಿದು. ನಡುವೆ ಉಳಿದ ಜಗಲಿಯೇ ಪಿಸುಮಾತಿನ ಮೊಗಸಾಲೆ. ಸುಮಾರು ಮೂರು ಮೀಟರ್ ದಪ್ಪದ ಇಟ್ಟಿಗೆ, ಗಾರೆಯ ಗುಮ್ಮಟ ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳಲು ನೋಡುತ್ತದೆ. ಒಳಕ್ಕೆ ಬಾಗಿದ ಕಮಾನುಗಳ ಭಾರ ಅದನ್ನು ಒಳಕ್ಕೇ ಎಳೆದು ಹಿಡಿಯುತ್ತದೆ. ಈ ಎಳೆದಾಟ ಮೂರೂವರೆ ಶತಮಾನದಿಂದ ಸರಿಸಮವಾಗಿ ನಡೆದಿದೆ. ಕಟ್ಟಿದವನು ದಾಭೋಳದ ಯಾಕೂತ್ ಎಂದು ಹೇಳುತ್ತಾರೆ.

ಮೇಲೆ ಹೋಗಲು ಮೂಲೆಯ ಗೋಪುರದೊಳಗಿನ ಮೆಟ್ಟಿಲು. ಏಳು ಅಂತಸ್ತು. ಮೆಟ್ಟಿಲುಗಳು ಮೊಳಕಾಲೆತ್ತರ, ಅಗಲ ಕಡಿಮೆ, ಸುತ್ತಿ ಸುತ್ತಿ ಏರುತ್ತವೆ. ಇಳಿದು ಬರುವವರಿದ್ದರೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ದೊಡ್ಡ ಚೀಲ ಬೆನ್ನಿಗಿದ್ದವರು ಇಲ್ಲಿ ಪಡುವ ಪಾಡು ನೋಡುವಂತಿರುತ್ತದೆ. ನನ್ನ ಮುಂದೆ ಇದ್ದ ಹುಡುಗನೊಬ್ಬ ಪ್ರತಿ ತಿರುವಿನಲ್ಲೂ ತನ್ನ ಚೀಲಕ್ಕೆ ದಾರಿ ಕೇಳುತ್ತಿದ್ದ. ಪ್ರತಿ ಅಂತಸ್ತಿನಲ್ಲೂ ಗಾಳಿಗಂಡಿ ಇದೆ. ಅಲ್ಲಿ ಉಸಿರು ತೆಗೆದುಕೊಳ್ಳುವ ನೆಪದಲ್ಲಿ ಊರು ನೋಡಬಹುದು.

ಮೊಗಸಾಲೆಗೆ ಹೋದಾಗ ಪುಣ್ಯಕ್ಕೆ ಹತ್ತು ಜನರೂ ಇರಲಿಲ್ಲ. ಕಾವಲುಗಾರ ಕಿಸೆಯಿಂದ ಒಂದು ಕಾಗದದ ಚೂರು ತೆಗೆದು, ನನಗೆ ಎದುರು ದಿಕ್ಕಿಗೆ ಹೋಗಿ ಗೋಡೆಗೆ ಕಿವಿ ಕೊಡಲು ಸನ್ನೆ ಮಾಡಿದ. ಆ ತುದಿಯಲ್ಲಿ ಅವನು ಕಾಗದ ಹರಿದ. ಪರ್ರ್ ಎನ್ನುವ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಆಯಿತು. ಕೆಮ್ಮಿದರೆ ಕೆಮ್ಮು ಸುತ್ತು ಹೊಡೆದು ಮತ್ತೆ ಮತ್ತೆ ಬರುತ್ತದೆ, ಏಳೆಂಟು ಸಲವಾದರೂ. ದುಂಡು ಗೋಡೆ ಸದ್ದನ್ನು ಚೆದುರಲು ಬಿಡದೆ ಮೈಯುದ್ದಕ್ಕೂ ಜಾರಿಸಿಕೊಂಡು ಹೋಗುವುದು ಇದರ ಗುಟ್ಟು. ಆ ಹೊತ್ತಿಗೆ ಕೆಳಗೆ ಒಂದು ಶಾಲೆಯ ಮಕ್ಕಳು ಬಂದರು. ಆಮೇಲೆ ಅಲ್ಲಿ ಕೇಳಿದ್ದು ಸದ್ದಲ್ಲ, ಗದ್ದಲ. ಮಕ್ಕಳನ್ನು ಬೈದು ಉಪಯೋಗವಿಲ್ಲ. ಕೂಗಲೆಂದೇ ಕರೆತಂದಿರುತ್ತಾರೆ.

ಕೆಳಗೆ ನಡುಕಟ್ಟೆಯ ಮೇಲೆ ಕಾಣುವ ಗೋರಿಗಳು ಗುರುತಿಗಷ್ಟೇ. ನಿಜವಾದ ಗೋರಿಗಳು ಅದರ ಕೆಳಗಿನ ನೆಲಮಾಳಿಗೆಯಲ್ಲಿವೆ. ಮುಹಮ್ಮದನ ಜೊತೆಗೆ ಇಬ್ಬರು ಹೆಂಡತಿಯರು, ಮಗಳು, ಮೊಮ್ಮಗ, ಮತ್ತು ರಂಭಾ ಎಂಬ ನರ್ತಕಿ. ಪಟ್ಟಕ್ಕೆ ಬಂದ ಹೊಸದರಲ್ಲೇ ತನ್ನ ಗೋರಿಯ ಕೆಲಸಕ್ಕೆ ಕೈಹಾಕಿದ ಮನುಷ್ಯ ಇವನು. 1656ರಲ್ಲಿ ತೀರಿಕೊಂಡಾಗಲೂ ಅಲಂಕಾರದ ಕೆಲಸ ಬಾಕಿ ಇತ್ತು. ಗೋಡೆಗಳು ಬೋಳಾಗಿವೆ. ಅಪ್ಪನ ರೋಜಾದ ಕುಸುರಿಯನ್ನು ಮೀರಿಸುವುದು ಆಗದ ಮಾತೆಂದು ತಿಳಿದೇ ಮಗ ಗಾತ್ರದ ಕಡೆ ಹೊರಳಿದ ಎನ್ನುವ ಮಾತು ಹಿಂದಿನಿಂದಲೂ ಇದೆ. ರೋಜಾ ನೋಡುವವರೆಗೆ ಇದು ಬರೀ ಊಹೆ ಅನ್ನಿಸುತ್ತದೆ.

ಗುಮ್ಮಟದಿಂದ ಟಾಂಗಾ ಹತ್ತಿ ಹೋದ ಜಾಮಿ ಮಸೀದಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ನಮಾಜಿನ ಹೊತ್ತು ಹತ್ತಿರವಾಗಿತ್ತು. 1565ರ ತಾಳಿಕೋಟೆ ಯುದ್ಧದ ನಂತರದ ವರ್ಷಗಳಲ್ಲಿ ಇದೇ ಮನೆತನದ ಮೊದಲನೆಯ ಅಲಿ ಕಟ್ಟಿಸಿದ್ದು, ವಿಜಯನಗರದ ಲೂಟಿಯ ಹಣ ಇದರಲ್ಲಿ ಸೇರಿದೆ ಎನ್ನುತ್ತಾರೆ. ಹಂಪಿಯಲ್ಲಿ ನಾಲ್ಕು ದಿನ ಅಡ್ಡಾಡಿ ಬಂದವರು ಇಲ್ಲಿ ಒಂದು ನಿಮಿಷವಾದರೂ ನಿಲ್ಲುವುದು ನ್ಯಾಯ. ಹತ್ತಿರದ ಮೆಹ್ತರ್ ಮಹಲ್ ಹೆಸರಿಗೆ ಮಹಲ್, ಅಸಲಿಗೆ ಮಸೀದಿಯೊಂದರ ಹೆಬ್ಬಾಗಿಲು. ಅದರ ಬಾಲ್ಕನಿಗಳಿಗೆ ಊರೆಕೊಟ್ಟ ಕಲ್ಲಿನ ಪಟ್ಟಿಗಳನ್ನು ಬಡಿಗನೇ ಕೆತ್ತಿದ್ದಾನೇನೋ ಅನ್ನಿಸುವಷ್ಟು ತೆಳ್ಳಗೆ ಬಿಡಿಸಿದ್ದಾರೆ.

ಕುದುರೆ ಮೇವಿಗೆ ಹೋಯಿತು, ನಾನು ಖಾನಾವಳಿಗೆ. ಗಾಂಧಿ ಚೌಕದ ಸುತ್ತಮುತ್ತ ಇಂಥವು ಹಲವಿವೆ. ಹೊರಗೆ ಚಿಕ್ಕ ಬೋರ್ಡು, ಒಳಗೆ ಉದ್ದನೆಯ ಮೇಜು, ಹಿಂದಿನ ಕೋಣೆಯಿಂದ ರೊಟ್ಟಿ ಬಡಿಯುವ ಸದ್ದು. ತಟ್ಟೆಗೆ ಬಿಸಿ ಜೋಳದ ರೊಟ್ಟಿ, ಎಣ್ಣಿಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೇಲೆ ಮೊಸರು, ಪಕ್ಕದಲ್ಲಿ ಉಳ್ಳಾಗಡ್ಡಿ, ಸೌತೆಕಾಯಿ, ಹಸಿ ಮೆಂತ್ಯಸೊಪ್ಪು. ಎದುರಿಗೆ ಕೂತಿದ್ದ ಇಬ್ಬರು ವಿದೇಶಿ ಹುಡುಗಿಯರು ರೊಟ್ಟಿಯ ಒಂದಂಚು ಮುರಿದು ಕಡಿಯುತ್ತಿದ್ದರು. ಬಡಿಸುತ್ತಿದ್ದ ಅವ್ವ ಸುಮ್ಮನೆ ನೋಡಿದರು, ತಡೆಯಲಾಗಲಿಲ್ಲ. ಒಬ್ಬಳ ತಟ್ಟೆಗೆ ಕೈಹಾಕಿ ರೊಟ್ಟಿ ಚೂರು ಮಾಡಿ, ಮೊಸರು ಹಿಂಡಿ ಕಲಸಿ, ಪಲ್ಯದ ಎಣ್ಣೆ ಸವರಿ, “ಹಿಂಗ್ ತಿನ್ಬೇಕವ್ವಾ” ಎಂದರು. ಭಾಷೆ ಬೇಕಾಗಲಿಲ್ಲ. ನನ್ನ ಕಡೆ ತಿರುಗಿ, “ನೀವರ ತಿನ್ರಿ, ಇನ್ನೊಂದ ರೊಟ್ಟಿ ಹಾಕಲೇನು?” ಎಂದು ಕೇಳಿ ಉತ್ತರಕ್ಕೆ ಕಾಯದೆ ಹಾಕಿದರು. ಆ ಮೂರನೆಯ ರೊಟ್ಟಿಯಿಂದಾಗಿ ಮಧ್ಯಾಹ್ನದ ಎರಡು ತಾಸಿನ ಬಿಡುವು ಕುದುರೆಗಿಂತ ನನಗೇ ಹೆಚ್ಚು ಬೇಕಾಯಿತು.

ಒಳಕೋಟೆಯ ಗಗನ್ ಮಹಲ್ ಈಗ ಮುಖ್ಯವಾಗಿ ಒಂದು ದೊಡ್ಡ ಕಮಾನು. ಅಗಲ ಹದಿನೆಂಟು ಮೀಟರಿನಷ್ಟು, ಪಕ್ಕದಲ್ಲಿ ಎರಡು ಕಿರಿದಾದವು, ಮೇಲೆ ಆಕಾಶ. 1561ರಲ್ಲಿ ಕಟ್ಟಿದ ದರ್ಬಾರು ಇದು. ನಮ್ಮ ನಾಲ್ಕನೆಯವನ ಕತೆ ಮುಗಿದದ್ದು ಇಲ್ಲೇ. ಸಿಕಂದರನಿಗೆ ಪಟ್ಟ ಕಟ್ಟಿದ್ದು 1672ರಲ್ಲಿ, ಇನ್ನೂ ಎಳೆಯ ಮಗು. ಹದಿನಾಲ್ಕು ವರ್ಷ ಇತರರು ಅವನ ಹೆಸರಿನಲ್ಲಿ ಆಳಿದರು, ಬಡಿದಾಡಿದರು. 1686ರ ಸೆಪ್ಟೆಂಬರಿನಲ್ಲಿ ಮುತ್ತಿಗೆ ಮುಗಿದು ಕೋಟೆ ಔರಂಗಜೇಬನ ಕೈಸೇರಿತು. ಹದಿಹರೆಯದ ಸುಲ್ತಾನನನ್ನು ಬೆಳ್ಳಿಯ ಸಂಕೋಲೆ ಹಾಕಿ ಬಾದಶಹನ ಮುಂದೆ ನಿಲ್ಲಿಸಿದರಂತೆ. ಉಳಿದ ಬಾಳೆಲ್ಲ ಸೆರೆಯಲ್ಲಿ ಕಳೆದು ಸತ್ತ. ಊರಿಗೆ ತಂದು ಹೂತರು, ಮೇಲೆ ಗುಮ್ಮಟವೆಂಬುದಿಲ್ಲದ ಬಯಲುಗೋರಿ. ಚಾಚಾರನ್ನು ಕೇಳಿದೆ. “ಅಲ್ಲಿಗೆ ಯಾರೂ ಹೋಗಂಗಿಲ್ರಿ. ನೋಡಾಕ ಏನೈತಿ?” ಎಂದರು. ಗಗನ್ ಮಹಲಿನ ಮುಂದಿನ ಹುಲ್ಲಿನ ಮೇಲೆ ಆಗ ಹುಡುಗರು ಕಮಾನಿನ ಕಾಲುಗಳನ್ನೇ ಗೋಲು ಮಾಡಿಕೊಂಡು ಚೆಂಡು ಒದೆಯುತ್ತಿದ್ದರು.

ಬಾರಾ ಕಮಾನ್ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಎರಡನೆಯ ಅಲಿ, ಅಂದರೆ ಗೋಳಗುಮ್ಮಟದವನ ಮಗ, ಅಪ್ಪನದಕ್ಕಿಂತ ದೊಡ್ಡ ತಳ ಹಾಕಿಸಿದ. ಇದು ಪೂರ್ತಿಯಾಗಿದ್ದರೆ ಇದರ ನೆರಳು ಗೋಳಗುಮ್ಮಟಕ್ಕೆ ಮುಟ್ಟುತ್ತಿತ್ತು ಎಂದು ಊರಿನಲ್ಲಿ ಕತೆ. ಅವನಿಗೆ ಸಿಕ್ಕಿದ್ದು ಹದಿನಾರು ವರ್ಷ. ಒಂದು ಕಡೆ ಶಿವಾಜಿ, ಇನ್ನೊಂದು ಕಡೆ ಮೊಗಲರು. ಸೇನಾಪತಿ ಅಫಜಲಖಾನನನ್ನು ಪ್ರತಾಪಗಡಕ್ಕೆ ಕಳಿಸಿ ಕಳೆದುಕೊಂಡದ್ದೂ ಇವನ ಕಾಲದಲ್ಲೇ, 1659ರಲ್ಲಿ. ಖಜಾನೆ ಸೈನ್ಯಕ್ಕೆ ಹೋಗುತ್ತಿತ್ತೋ ಗೋರಿಗೆ ಬರುತ್ತಿತ್ತೋ ಊಹಿಸುವುದು ಕಷ್ಟವಲ್ಲ. 1672ರಲ್ಲಿ ಅವನು ಸತ್ತ, ಕೆಲಸ ನಿಂತಿತು. ಕಪ್ಪು ಕಲ್ಲಿನ ಕಮಾನುಗಳು ಸಾಲಾಗಿ ಎದ್ದು, ಮೇಲೇನೂ ಹೊರದೆ ನಿಂತಿವೆ. ನನಗೆ ಈ ಊರಿನಲ್ಲಿ ಫೋಟೊಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಕಾಣಲಿಲ್ಲ. ಕಟ್ಟಿ ಮುಗಿಸಿದ್ದರೆ ಇಷ್ಟು ಚೆಂದ ಇರುತ್ತಿತ್ತೇ ಎಂಬ ಅನುಮಾನವೂ ಬಂತು. ಗಾತ್ರದ ಪಂದ್ಯಕ್ಕೆ ಇಳಿದವರ ಕೆಲಸ ಅಷ್ಟೊಂದು ನಂಬುವಂಥದ್ದಲ್ಲ.

ಪಶ್ಚಿಮದ ಕೋಟೆಗೋಡೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಮಲಗಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ ಎನ್ನುತ್ತಾರೆ. ತೋಪಿನ ಬಾಯಿಯನ್ನು ಸಿಂಹದ ಬಾಯಿಯಂತೆ ರೂಪಿಸಿ, ಕೋರೆಹಲ್ಲುಗಳ ನಡುವೆ ಆನೆಯೊಂದನ್ನು ಸಿಕ್ಕಿಸಿದ್ದಾರೆ. ಆನೆಯ ಮುಖದ ಸಂಕಟವನ್ನೂ ಬಿಡದೆ ಕೆತ್ತಿದ ಆ ಎರಕದವನ ಕೈಗೆ ನಮಸ್ಕಾರ. ಇದರ ಬಗೆಗಿನ ಶೌರ್ಯದ ಕತೆಗಳಿಗಿಂತ ನನಗೆ ಹಿಡಿಸಿದ್ದು 1854ರ ಒಂದು ಪ್ರಸಂಗ. ಬ್ರಿಟಿಷ್ ಸರಕಾರ ಹಳೆಯ ಗುಜರಿಯ ಜೊತೆ ಇದನ್ನೂ ಹರಾಜಿಗಿಟ್ಟಿತು. ಬಂದ ಸವಾಲು 150 ರೂಪಾಯಿ! ಅಷ್ಟಕ್ಕೆ ಕೊಡಲು ಅಧಿಕಾರಿಗೆ ಮನಸ್ಸಾಗದೆ ತೋಪು ಇಲ್ಲೇ ಉಳಿಯಿತು. ಸಮೀಪದ ಉಪ್ಪಲಿ ಬುರುಜು 1584ರದು. ಹೊರಮೈಗೆ ಸುತ್ತಿಕೊಂಡ ಮೆಟ್ಟಿಲು ಹತ್ತಿದರೆ ಊರಿನ ಉದ್ದಗಲ ಒಂದೇ ನೋಟಕ್ಕೆ ಸಿಗುತ್ತದೆ. ಪೂರ್ವದಲ್ಲಿ ಗುಮ್ಮಟ, ಪಶ್ಚಿಮದಲ್ಲಿ ರೋಜಾದ ಮಿನಾರು, ನಡುವೆ ನೀರಿನ ಟ್ಯಾಂಕು, ಮೊಬೈಲ್ ಟವರು, ಒಣಹಾಕಿದ ಬಟ್ಟೆ.

ನೀರೆಂದಾಗ ಒಂದು ಮಾತು. ಮಳೆ ಕಡಿಮೆ ಬೀಳುವ ಈ ಕಪ್ಪುಮಣ್ಣಿನ ಬಯಲಿನಲ್ಲಿ ಅಷ್ಟು ದೊಡ್ಡ ರಾಜಧಾನಿ ಬದುಕಿದ್ದು ಗುಮ್ಮಟಗಳಿಂದಲ್ಲ, ನೆಲದಡಿಯ ಕಾಲುವೆಗಳಿಂದ. ತೊರವಿಯ ಕಡೆಯಿಂದ ಸುರಂಗದಲ್ಲಿ ನೀರು ಬರುತ್ತಿತ್ತು. 1651ರಲ್ಲಿ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಬರುತ್ತಿತ್ತು. ದಾರಿಯುದ್ದಕ್ಕೂ ಗಂಜ್ ಎಂದು ಕರೆಯುವ ಚೌಕ ಗೋಪುರಗಳಿವೆ. ನೀರು ಅದರೊಳಗೆ ಏರಿ ಇಳಿಯುವಾಗ ಕೊಳವೆ ಒಡೆಯುವಂಥ ಒತ್ತಡ ತಗ್ಗುತ್ತಿತ್ತು, ಹೂಳು ತಳದಲ್ಲಿ ನಿಲ್ಲುತ್ತಿತ್ತು. ಈಗಲೂ ಕೆಲವು ಗಂಜ್‌ಗಳು ಅಂಗಡಿ, ಮನೆಗಳ ನಡುವೆ ಸಿಕ್ಕಿಕೊಂಡು ನಿಂತಿವೆ. ಅದೇನೆಂದು ಕೇಳುವವರಿಲ್ಲ, ಬೋರ್ಡೂ ಇಲ್ಲ. ರೋಜಾಕ್ಕೆ ಹೋಗುವ ದಾರಿಯಲ್ಲಿ ತಾಜ್ ಬಾವಡಿ ಸಿಗುತ್ತದೆ. 1620ರ ಸುಮಾರಿನದು, ಇಬ್ರಾಹಿಂನ ರಾಣಿ ತಾಜ್ ಸುಲ್ತಾನಾಳ ಹೆಸರಿನದು. ಎರಡು ಗೋಪುರಗಳ ನಡುವೆ ಎತ್ತರದ ಕಮಾನು, ಅದರಡಿಯಿಂದ ಮೆಟ್ಟಿಲಿಳಿದರೆ ಒಂದು ಪೂರ್ತಿ ಚೌಕ ಕೆರೆ. ಬಹುಕಾಲ ಊರಿನ ಕಸವೆಲ್ಲ ಇದರೊಳಗೆ ಬಿದ್ದಿತ್ತು. ಕೆಲವು ವರ್ಷಗಳ ಹಿಂದೆ ಹೂಳೆತ್ತಿ ಶುಚಿ ಮಾಡಿದರು. ನನ್ನನ್ನು ಕೇಳಿದರೆ, ಪ್ರವಾಸಿಗಳ ನಕ್ಷೆಯಲ್ಲಿ ತೋಪಿಗಿಂತ ಇದಕ್ಕೆ ದೊಡ್ಡ ಅಕ್ಷರ ಸಿಗಬೇಕು.

ರೋಜಾ ತಲುಪಿದಾಗ ಬಿಸಿಲು ಇಳಿಯತೊಡಗಿತ್ತು. ಎತ್ತರದ ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ನೀರಿನ ತೊಟ್ಟಿ. ತಾಜಮಹಲಿಗೆ ಇದೇ ಮಾದರಿ ಎಂದು ಇಲ್ಲಿನ ಗೈಡುಗಳು ಹೇಳುತ್ತಾರೆ. ರೋಜಾಕ್ಕೆ ಆ ಶಿಫಾರಸು ಬೇಕಿಲ್ಲ. ಕಟ್ಟಿಸಿದವನು ಮಲಿಕ್ ಸಂದಲ್. ಸುಮಾರು ಒಂದೂವರೆ ಲಕ್ಷ ಹೊನ್ನು ಖರ್ಚಾಯಿತೆಂದು ಶಾಸನವಿದೆ. ತಾಜ್ ಸುಲ್ತಾನಾಳಿಗೆಂದು ಎಬ್ಬಿಸಿದ್ದು, ಆದರೆ ಅವಳಿಗಿಂತ ಮೊದಲು ಇಲ್ಲಿ ಮಣ್ಣಾದವನು ಇಬ್ರಾಹಿಂ, 1627ರಲ್ಲಿ.

ಇಬ್ರಾಹಿಂ ಬೇರೆಯದೇ ತರಹದ ಮನುಷ್ಯ. ದಖ್ಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದ. ಅದರಲ್ಲಿ ಸರಸ್ವತಿಗೆ ಸ್ತುತಿ ಇದೆ, ಗಣಪತಿಗೂ ಇದೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ, ಆನೆಗೆ ಆತಶ್ ಖಾನ್ ಎಂದು. ಜನ ಅವನನ್ನು ಜಗದ್ಗುರು ಎಂದು ಕರೆದರು. ಅಂಥವನ ಗೋರಿ ಹೇಗಿರಬೇಕೋ ಹಾಗೇ ಇದೆ. ಗೋಡೆಯ ಮೇಲೆ ಅಂಗೈಯಗಲ ಜಾಗವನ್ನೂ ಸುಮ್ಮನೆ ಬಿಟ್ಟಿಲ್ಲ. ಬಳ್ಳಿ, ಹೂವು, ಅಕ್ಷರ, ಮತ್ತೆ ಅಕ್ಷರ. ಕಿಟಕಿಗಳ ಹತ್ತಿರ ಹೋಗಿ ನೋಡಬೇಕು. ಕಲ್ಲಿನ ಹಲಗೆಯಲ್ಲಿ ಅರಬ್ಬಿ ಬರಹವನ್ನು ಉಳಿಸಿಕೊಂಡು ಸುತ್ತಲಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ. ಅಕ್ಷರ ಅಕ್ಷರಕ್ಕೆ ತಗಲಿಕೊಂಡೇ ನಿಂತಿರಬೇಕು, ಒಂದು ಸಡಿಲಿದರೂ ಜಾಲರಿ ಬೀಳುತ್ತದೆ. ಪಡುವಣದ ಬಿಸಿಲು ಆ ಸಂದಿಗಳಿಂದ ನುಗ್ಗುವ ಹೊತ್ತಿಗೆ ಬರಹವೆಲ್ಲ ಕಪ್ಪಾಗಿ ಎದ್ದು ಕಾಣುತ್ತದೆ. ಎದುರಿನ ಮಸೀದಿಯ ಸೂರಂಚಿಗೆ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಗಳು ಜೋತಾಡುತ್ತಿವೆ.

ಗೋರಿಯ ಕೋಣೆಯ ಚಾವಣಿ ಇನ್ನೊಂದು ವಿಚಿತ್ರ. ಸುಮಾರು ಹನ್ನೆರಡು ಮೀಟರ್ ಚೌಕದ ಕೋಣೆ. ಗೋಡೆಯಿಂದ ಬಾಗಿಕೊಂಡು ಬಂದ ಕಲ್ಲು ನಡುವೆ ಪೂರ್ತಿ ಮಟ್ಟಸವಾಗುತ್ತದೆ. ಕೆಳಗೆ ತೊಲೆಯಿಲ್ಲ, ಕಂಬವಿಲ್ಲ. ಹಲಗೆಗೆ ಹಲಗೆ ಹೊಂದಿಸಿ ಗಾರೆಯ ಬಲದ ಮೇಲೆ ನಿಲ್ಲಿಸಿದ್ದಾರೆ. ಮಗ ಗುಮ್ಮಟದಲ್ಲಿ ತೋರಿದ ಧೈರ್ಯ ಮೈಲಿ ದೂರದಿಂದಲೇ ಕಾಣುತ್ತದೆ. ಅಪ್ಪನ ಕಾಲದವರ ಧೈರ್ಯ ಕಾಣಬೇಕಾದರೆ ಒಳಗೆ ಬಂದು ಕತ್ತೆತ್ತಬೇಕು, ಅದೂ ಯಾರಾದರೂ ಹೇಳಿಕೊಟ್ಟರೆ. ಬೆಳಿಗ್ಗೆ ಗುಮ್ಮಟದಲ್ಲಿ ಕಂಡ ಜನಜಾತ್ರೆಯ ಕಾಲುಪಾಲೂ ಇಲ್ಲಿ ಇಲ್ಲದ್ದು ಆಶ್ಚರ್ಯವಲ್ಲ.

ಇದ್ದ ಕೆಲವರಲ್ಲಿ ಸಿಂದಗಿ ಕಡೆಯಿಂದ ಬಂದ ಒಂದು ಕುಟುಂಬವಿತ್ತು. ಆರೇಳು ವರ್ಷದ ಹುಡುಗ ಬೆಳಿಗ್ಗೆ ಗೋಳಗುಮ್ಮಟ ನೋಡಿಕೊಂಡು ಬಂದವನೆಂದು ಕಾಣುತ್ತದೆ. ಗೋರಿಯ ಹೊಸ್ತಿಲಲ್ಲಿ ನಿಂತು ಎದೆ ತುಂಬ ಉಸಿರೆಳೆದು ‘ಹೋ’ ಎಂದು ಕೂಗಿ ಕಿವಿ ಕೊಟ್ಟ.

“ಪಪ್ಪಾ, ಇಲ್ಲಿ ಏನೂ ಬರವಲ್ದು.”

“ಇದು ನೋಡೂದು ಐತಪಾ. ಒದರೂದಲ್ಲ” ಎಂದ ಅಪ್ಪ, ಫೋನಿನಲ್ಲಿ ಕಿಟಕಿಯ ಫೋಟೊ ತೆಗೆಯುತ್ತ.

ಹುಡುಗ ನಂಬಲಿಲ್ಲ. ಒಂದೊಂದು ಬಾಗಿಲಿಗೂ ಹೋಗಿ ಕೂಗಿ ನೋಡಿದ.